ಹಳೆಯ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಹೊಂದಾಣಿಕೆ

ಹಳೆಯ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಹೊಂದಾಣಿಕೆ ಎಂದರೆ ಹಿಂದಿನ ತಲೆಮಾರಿನ ವೈಯಕ್ತಿಕ ಗಣಕಯಂತ್ರಕ್ಕೆ ಬೇರೊಂದು ಗ್ರಾಫಿಕ್ಸ್ ಕಾರ್ಡನ್ನು ಅಳವಡಿಸಿದಾಗ ಅದು ಮದರ್‌ಬೋರ್ಡ್, ವಿದ್ಯುತ್ ಪೂರೈಕೆ ಘಟಕ, ಬಯಾಸ್, ಕಾರ್ಯಾಚರಣಾ ವ್ಯವಸ್ಥೆ ಮತ್ತು ಮಾನಿಟರ್ ಈ ಐದರೊಂದಿಗೂ ಸರಿಹೊಂದಿ ಕೆಲಸ ಮಾಡುವುದು. ಇವುಗಳಲ್ಲಿ ಒಂದು ಹೊಂದದಿದ್ದರೂ ಪರದೆಯ ಮೇಲೆ ಚಿತ್ರ ಮೂಡದಿರಬಹುದು. ಕಾರ್ಡು ಸ್ಲಾಟಿನೊಳಗೆ ಕುಳಿತ ಮಾತ್ರಕ್ಕೆ ಹೊಂದಾಣಿಕೆ ಇದೆ ಎಂದು ತಿಳಿಯುವಂತಿಲ್ಲ. ವೋಲ್ಟೇಜ್ ಹೊಂದದ ಕಾರ್ಡಿನಿಂದ ಮದರ್‌ಬೋರ್ಡ್ ಶಾಶ್ವತವಾಗಿ ಹಾಳಾಗುವ ಸಾಧ್ಯತೆಯೂ ಇದೆ. ಹಳೆಯ ಮದರ್‌ಬೋರ್ಡ್‌ಗಳ ತಯಾರಿಕೆ ನಿಂತು ಹಲವು ವರ್ಷಗಳಾಗಿರುವುದರಿಂದ ಇಂತಹ ಹಾನಿಯನ್ನು ಸರಿಪಡಿಸುವುದು ಕಷ್ಟ. ಆದುದರಿಂದ ಹೊಂದಾಣಿಕೆಯ ಪರಿಶೀಲನೆಯನ್ನು ಕಾರ್ಡ್ ಕೊಳ್ಳುವ ಮೊದಲೇ ಮಾಡಬೇಕಾಗುತ್ತದೆ.

ಹಿನ್ನೆಲೆ

ಹಳೆಯ ಗಣಕಯಂತ್ರಗಳನ್ನು ಉಳಿಸಿಕೊಳ್ಳಲು ಹಲವು ಕಾರಣಗಳಿವೆ. ಕಾರ್ಖಾನೆಗಳಲ್ಲಿ ಯಂತ್ರೋಪಕರಣಗಳ ನಿಯಂತ್ರಣ ಅಥವಾ ಪರೀಕ್ಷೆಗೆ ಬಳಸುವ ಕೆಲವು ಕಾರ್ಡುಗಳು ಐಎಸ್ಎ ಸ್ಲಾಟಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಡಾಸ್ ಮತ್ತು ವಿಂಡೋಸ್ 98 ಕಾಲದ ಆಟಗಳನ್ನು ಮೂಲ ಯಂತ್ರಾಂಶದಲ್ಲೇ ಆಡಬಯಸುವ ಹವ್ಯಾಸಿಗಳಿದ್ದಾರೆ. ಹಳೆಯ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಕಡತಗಳನ್ನು ತೆರೆಯಲು ಅದೇ ಯಂತ್ರ ಬೇಕಾಗುವ ಸಂದರ್ಭಗಳೂ ಉಂಟು.

ಕರ್ನಾಟಕದಲ್ಲಿ ಗಣಕಯಂತ್ರ ತಯಾರಿಕೆಗೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. 1980ರ ದಶಕದಲ್ಲಿ ಬೆಂಗಳೂರಿನ ವಿಪ್ರೊ ಮತ್ತು ಪಿಎಸ್ಐ ಡೇಟಾ ಸಿಸ್ಟಮ್ಸ್ ಸಂಸ್ಥೆಗಳು ಗಣಕಯಂತ್ರಗಳನ್ನು ತಯಾರಿಸುತ್ತಿದ್ದವು. 1990ರ ದಶಕದ ನಂತರ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ವರ್ತೂರಿನ ಸುತ್ತಮುತ್ತ ಮಾಹಿತಿ ತಂತ್ರಜ್ಞಾನ ಕಚೇರಿಗಳು ಬೆಳೆದವು. ಕಚೇರಿಗಳು ಬಳಸಿ ಬಿಟ್ಟ ಗಣಕಯಂತ್ರಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯು ಹೊಸ ಹಾಗೂ ಬಳಸಿದ ಗಣಕಯಂತ್ರ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆಯಾಗಿದೆ. ಕಚೇರಿ ಬಳಕೆಗಾಗಿ ವಿನ್ಯಾಸಗೊಳಿಸಿದ ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸ್ಥಳ ಮತ್ತು ವಿದ್ಯುತ್ ಎರಡೂ ಕಡಿಮೆ ಇರುವುದರಿಂದ ಅವುಗಳಲ್ಲಿ ಹೊಂದಾಣಿಕೆಯ ಸಮಸ್ಯೆ ಹೆಚ್ಚು.

ಸ್ಲಾಟ್‌ಗಳ ವಿಧಗಳು

ಗ್ರಾಫಿಕ್ಸ್ ಕಾರ್ಡ್ ಮದರ್‌ಬೋರ್ಡಿಗೆ ಜೋಡಣೆಯಾಗುವ ಸ್ಲಾಟ್ ಕಾಲಕಾಲಕ್ಕೆ ಬದಲಾಗಿದೆ. ಮುಖ್ಯ ವಿಧಗಳು ಹೀಗಿವೆ:

ಐಎಸ್ಎ: 1981ರ ಐಬಿಎಂ ಪಿಸಿಯಲ್ಲಿ 8 ಬಿಟ್ ರೂಪದಲ್ಲಿ ಬಂದು, 1984ರ ಪಿಸಿ ಎಟಿಯಲ್ಲಿ 16 ಬಿಟ್‌ಗೆ ವಿಸ್ತರಣೆಯಾಯಿತು. 16 ಬಿಟ್‌ನ ಕೆಲವು ವಿಜಿಎ ಕಾರ್ಡುಗಳು 8 ಬಿಟ್ ಸ್ಲಾಟಿನಲ್ಲೂ ನಡೆಯುತ್ತವೆ, ಎಲ್ಲವೂ ಅಲ್ಲ.

ವೆಸಾ ಲೋಕಲ್ ಬಸ್: 1992ರಲ್ಲಿ ಬಂದ ಇದು ಮುಖ್ಯವಾಗಿ 486 ಪ್ರೊಸೆಸರ್‌ನ ಬೋರ್ಡುಗಳಲ್ಲಿ ಕಂಡುಬರುತ್ತದೆ. ಐಎಸ್ಎ ಸ್ಲಾಟಿನ ಮುಂದುವರಿಕೆಯಾಗಿ ಇನ್ನೊಂದು ಕನೆಕ್ಟರ್ ಇರುವುದು ಇದರ ಗುರುತು.

ಪಿಸಿಐ: ಇದರ ಮೊದಲ ಆವೃತ್ತಿ 1992ರದು. 32 ಬಿಟ್, 33 ಮೆಗಾಹರ್ಟ್ಸ್ ರೂಪದಲ್ಲಿ ಸೆಕೆಂಡಿಗೆ ಗರಿಷ್ಠ 133 ಮೆಗಾಬೈಟ್ ದತ್ತಾಂಶ ಸಾಗಿಸಬಲ್ಲದು. ಈ ಸಾಮರ್ಥ್ಯವನ್ನು ಸ್ಲಾಟಿನಲ್ಲಿರುವ ಎಲ್ಲ ಕಾರ್ಡುಗಳೂ ಹಂಚಿಕೊಳ್ಳುತ್ತವೆ.

ಎಜಿಪಿ: ಗ್ರಾಫಿಕ್ಸ್‌ಗೆಂದೇ ಇಂಟೆಲ್ 1996ರಲ್ಲಿ ರೂಪಿಸಿದ ಸ್ಲಾಟ್. 1997ರಿಂದ ಮದರ್‌ಬೋರ್ಡುಗಳಲ್ಲಿ ಬಳಕೆಗೆ ಬಂದಿತು.

ಪಿಸಿಐ ಎಕ್ಸ್‌ಪ್ರೆಸ್: 2003ರಲ್ಲಿ ನಿಗದಿಯಾಗಿ 2004ರಿಂದ ಮದರ್‌ಬೋರ್ಡುಗಳಲ್ಲಿ ಬಂದಿತು. ಹೆಸರಿನಲ್ಲಿ ಸಾಮ್ಯವಿದ್ದರೂ ಪಿಸಿಐ ಕಾರ್ಡು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುವುದಿಲ್ಲ.

ಬೋರ್ಡಿನ ಕಾಲಮಾನವನ್ನು ನೋಡಿ ಎಜಿಪಿ ಸ್ಲಾಟ್ ಇದ್ದೇ ಇರುತ್ತದೆ ಎಂದು ಊಹಿಸಬಾರದು. ಇಂಟೆಲ್ 810, 845ಜಿಎಲ್ ಮತ್ತು 865ಜಿವಿ ಚಿಪ್‌ಸೆಟ್‌ಗಳಿಗೆ ಹೊರಗಿನ ಎಜಿಪಿ ಕಾರ್ಡನ್ನು ಜೋಡಿಸುವ ವ್ಯವಸ್ಥೆಯಿಲ್ಲ. ಇಂತಹ ಯಂತ್ರಗಳಿಗೆ ಪಿಸಿಐ ಗ್ರಾಫಿಕ್ಸ್ ಕಾರ್ಡೊಂದೇ ದಾರಿ. ಜಿಫೋರ್ಸ್ ಎಫ್ಎಕ್ಸ್ 5200 ಮತ್ತು ಜಿಫೋರ್ಸ್ 6200 ಚಿಪ್‌ಗಳು ಪಿಸಿಐ ರೂಪದಲ್ಲೂ ಮಾರಾಟವಾಗಿವೆ. ಆದರೆ ಎಟಿ ಮಾದರಿಯ ಹಲವು ಹಳೆಯ ಬೋರ್ಡುಗಳ ಪಿಸಿಐ ಸ್ಲಾಟಿನಲ್ಲಿ 3.3 ವೋಲ್ಟ್ ಪೂರೈಕೆ ಇರುವುದಿಲ್ಲ. 3.3 ವೋಲ್ಟನ್ನು ಅವಲಂಬಿಸಿದ ಕಾರ್ಡು ಅಲ್ಲಿ ಕುಳಿತರೂ ಚಾಲನೆಯಾಗುವುದಿಲ್ಲ.

ಎಜಿಪಿ ವೋಲ್ಟೇಜ್ ಸಮಸ್ಯೆ

ಹಳೆಯ ಗಣಕಯಂತ್ರಗಳ ಮೇಲ್ದರ್ಜೀಕರಣದಲ್ಲಿ ಹೆಚ್ಚಿನ ಅಪಾಯವಿರುವುದು ಎಜಿಪಿಯಲ್ಲಿ. ಇದರ ಮೂರು ಆವೃತ್ತಿಗಳು ಬೇರೆ ಬೇರೆ ಸಂಕೇತ ವೋಲ್ಟೇಜನ್ನು ಬಳಸುತ್ತವೆ:

ಎಜಿಪಿ 1.0, 1996: 3.3 ವೋಲ್ಟ್, 1 ಮತ್ತು 2 ಪಟ್ಟು ವೇಗ, ಸೆಕೆಂಡಿಗೆ 266 ಮತ್ತು 533 ಮೆಗಾಬೈಟ್.

ಎಜಿಪಿ 2.0, 1998: 1.5 ವೋಲ್ಟ್ ಸೇರ್ಪಡೆ. 4 ಪಟ್ಟು ವೇಗ. ಸೆಕೆಂಡಿಗೆ ಸುಮಾರು 1,066 ಮೆಗಾಬೈಟ್.

ಎಜಿಪಿ 3.0, 2002: 0.8 ವೋಲ್ಟ್ ಸಂಕೇತ. 8 ಪಟ್ಟು ವೇಗ. ಸೆಕೆಂಡಿಗೆ ಸುಮಾರು 2,133 ಮೆಗಾಬೈಟ್.

ತಪ್ಪು ಜೋಡಣೆಯನ್ನು ತಡೆಯಲು ಸ್ಲಾಟಿನಲ್ಲಿ ಅಡ್ಡಗಟ್ಟೆಯನ್ನೂ ಕಾರ್ಡಿನ ಅಂಚಿನಲ್ಲಿ ಅದಕ್ಕೆ ಹೊಂದುವ ಕಚ್ಚನ್ನೂ ಇಡಲಾಗಿದೆ. 3.3 ವೋಲ್ಟ್ ಕಾರ್ಡಿನ ಕಚ್ಚು ಮಾನಿಟರ್ ಕೇಬಲ್ ಜೋಡಿಸುವ ಲೋಹದ ಪಟ್ಟಿಗೆ ಹತ್ತಿರವಿರುತ್ತದೆ, 1.5 ವೋಲ್ಟ್ ಕಾರ್ಡಿನ ಕಚ್ಚು ಅದರಿಂದ ದೂರವಿರುತ್ತದೆ. ಎರಡೂ ಕಚ್ಚುಗಳಿರುವ ಕಾರ್ಡನ್ನು ಮತ್ತು ಅಡ್ಡಗಟ್ಟೆಯಿಲ್ಲದ ಸ್ಲಾಟನ್ನು ಯೂನಿವರ್ಸಲ್ ಎನ್ನುತ್ತಾರೆ.

ಈ ಏರ್ಪಾಡು ಪೂರ್ಣ ವಿಶ್ವಾಸಾರ್ಹವಲ್ಲ. 3.3 ವೋಲ್ಟಿನಲ್ಲಿ ಮಾತ್ರ ಕೆಲಸ ಮಾಡುವ ಕೆಲವು ಕಾರ್ಡುಗಳ ಮೇಲೂ ತಯಾರಕರು ಎರಡು ಕಚ್ಚುಗಳನ್ನು ಕತ್ತರಿಸಿದ್ದುಂಟು. ಇಂಟೆಲ್ 845 ಮತ್ತು 850 ಚಿಪ್‌ಸೆಟ್‌ಗಳು 1.5 ವೋಲ್ಟನ್ನು ಮಾತ್ರ ತಾಳಬಲ್ಲವು. ಅವುಗಳಿರುವ ಬೋರ್ಡಿಗೆ ಅಂತಹ ಕಾರ್ಡನ್ನು ಹಾಕಿದರೆ ಬೋರ್ಡು ಸುಟ್ಟುಹೋಗಬಹುದು. ಆದ್ದರಿಂದ ಕಚ್ಚನ್ನು ನೋಡಿದ ಮೇಲೂ ಚಿಪ್‌ನ ಹೆಸರನ್ನು ಓದಿ, ಅದರ ವೋಲ್ಟೇಜನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಉದಾಹರಣೆಗೆ, 3ಡಿಎಫ್ಎಕ್ಸ್ ಸಂಸ್ಥೆಯ ವೂಡೂ3 ಎಜಿಪಿ ಕಾರ್ಡು 3.3 ವೋಲ್ಟಿನದು. ಕಾರ್ಡು ಸ್ಲಾಟಿಗೆ ಹೋಗುತ್ತಿಲ್ಲವೆಂದು ಅಡ್ಡಗಟ್ಟೆಯನ್ನು ಕೆತ್ತುವುದು ಅಥವಾ ಬಲವಂತವಾಗಿ ಒತ್ತುವುದು ಸಲ್ಲದು.

ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿಗಳು

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹೊಸ ಆವೃತ್ತಿಯ ಕಾರ್ಡು ಹಳೆಯ ಸ್ಲಾಟಿನಲ್ಲಿಯೂ ಹಳೆಯ ಕಾರ್ಡು ಹೊಸ ಸ್ಲಾಟಿನಲ್ಲಿಯೂ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಇಲ್ಲಿ ವೋಲ್ಟೇಜ್ ಅಪಾಯವಿಲ್ಲ. ಆದರೂ ಆವೃತ್ತಿ 2.0ರ ಕೆಲವು ಕಾರ್ಡುಗಳು ಮೊದಲ ತಲೆಮಾರಿನ ಕೆಲವು ಬೋರ್ಡುಗಳಲ್ಲಿ ಬಯಾಸ್ ನವೀಕರಿಸದ ಹೊರತು ಚಾಲನೆಯಾಗಲಿಲ್ಲ. ವೇಗದ ನಷ್ಟವೂ ಒಂದು ಅಂಶ. 2022ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಕೇವಲ 4 ಲೇನ್‌ಗಳನ್ನು ಬಳಸುತ್ತದೆ. ಹಳೆಯ ಆವೃತ್ತಿಯ ಸ್ಲಾಟಿನಲ್ಲಿ ಅದರ ಕಾರ್ಯಕ್ಷಮತೆ ಗಮನಾರ್ಹವಾಗಿ ಇಳಿಯುತ್ತದೆ.

ಪೆಟ್ಟಿಗೆಯ ಅಳತೆಯೂ ಮುಖ್ಯ. ಕಚೇರಿಗಳ ಕಿರಿದಾದ ಡೆಸ್ಕ್‌ಟಾಪ್ ಪೆಟ್ಟಿಗೆಗಳಲ್ಲಿ ಅರ್ಧ ಎತ್ತರದ, ಅಂದರೆ ಲೋ ಪ್ರೊಫೈಲ್ ಕಾರ್ಡು ಮಾತ್ರ ಹಿಡಿಸುತ್ತದೆ. ಕಾರ್ಡಿನ ಉದ್ದ ಹಾರ್ಡ್ ಡಿಸ್ಕಿನ ಚೌಕಟ್ಟಿಗೆ ತಾಗುತ್ತದೆಯೇ, ತಂಪುಕಾರಿಯ ದಪ್ಪದಿಂದ ಪಕ್ಕದ ಸ್ಲಾಟ್ ಮುಚ್ಚಿಹೋಗುತ್ತದೆಯೇ ಎಂಬುದನ್ನು ಮೊದಲೇ ಅಳೆದು ನೋಡಬೇಕು.

ವಿದ್ಯುತ್ ಪೂರೈಕೆ

ಪಿಸಿಐ ಎಕ್ಸ್‌ಪ್ರೆಸ್‌ನ 16 ಲೇನ್ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಒದಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ 75 ವ್ಯಾಟ್ ಕೊಡುವ 6 ಪಿನ್ ಅಥವಾ 150 ವ್ಯಾಟ್ ಕೊಡುವ 8 ಪಿನ್ ಕೇಬಲನ್ನು ಜೋಡಿಸಬೇಕಾಗುತ್ತದೆ. ಎಜಿಪಿ ಕಾಲದ ಕೊನೆಯ ಶಕ್ತಿಶಾಲಿ ಕಾರ್ಡುಗಳಿಗೆ ಹಾರ್ಡ್ ಡಿಸ್ಕ್ ಅಥವಾ ಫ್ಲಾಪಿ ಡ್ರೈವಿನ ವಿದ್ಯುತ್ ಕೇಬಲ್ ಬೇಕಿತ್ತು. ಈ ಕೇಬಲನ್ನು ಜೋಡಿಸಲು ಮರೆಯುವುದು ಪರದೆ ಕಪ್ಪಾಗಿರುವುದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು.

ವಿದ್ಯುತ್ ಘಟಕದ ಮೇಲೆ ಬರೆದಿರುವ ಒಟ್ಟು ವ್ಯಾಟ್ ಮಾತ್ರ ನೋಡಿದರೆ ಸಾಲದು. ಹಳೆಯ ಘಟಕಗಳು 5 ವೋಲ್ಟ್ ಸಾಲಿನಲ್ಲಿ ಹೆಚ್ಚು ವಿದ್ಯುತ್ ಕೊಡುತ್ತಿದ್ದವು. ಹೊಸ ಕಾರ್ಡುಗಳು 12 ವೋಲ್ಟ್ ಸಾಲನ್ನು ಅವಲಂಬಿಸುತ್ತವೆ. ಹಾಗೆಯೇ 5 ವೋಲ್ಟಿನಿಂದ ಪ್ರೊಸೆಸರ್ ನಡೆಸುವ ಹಳೆಯ ಬೋರ್ಡಿಗೆ ಹೊಸ ಘಟಕವನ್ನು ಜೋಡಿಸಿದರೆ ಆ ಸಾಲು ದುರ್ಬಲವಾಗಬಹುದು.

ಭಾರತದಲ್ಲಿ ಮನೆಬಳಕೆಯ ವಿದ್ಯುತ್ 230 ವೋಲ್ಟ್. ಹಲವು ಹಳೆಯ ಘಟಕಗಳ ಹಿಂಬದಿಯಲ್ಲಿ 115 ಮತ್ತು 230 ವೋಲ್ಟ್ ನಡುವೆ ಬದಲಿಸುವ ಕೆಂಪು ಸ್ವಿಚ್ ಇರುತ್ತದೆ. ಅಮೆರಿಕದಿಂದ ತಂದ ಯಂತ್ರದಲ್ಲಿ ಇದು 115ರಲ್ಲಿ ಉಳಿದಿದ್ದರೆ, ಇಲ್ಲಿನ ಸಾಕೆಟ್ಟಿಗೆ ಜೋಡಿಸಿದ ಕೂಡಲೇ ಘಟಕ ಹಾಳಾಗುತ್ತದೆ. ಎಟಿ ಮಾದರಿಯ ಬೋರ್ಡುಗಳಲ್ಲಿ ಪಿ8 ಮತ್ತು ಪಿ9 ಎಂಬ ಎರಡು ಕನೆಕ್ಟರ್‌ಗಳನ್ನು ಕಪ್ಪು ತಂತಿಗಳು ನಡುವೆ ಒಟ್ಟಿಗೆ ಬರುವಂತೆ ಜೋಡಿಸಬೇಕು. ಅದಲುಬದಲಾದರೆ ಬೋರ್ಡಿಗೆ ಹಾನಿ. ಕೆಲವು ಬ್ರಾಂಡೆಡ್ ಯಂತ್ರಗಳಲ್ಲಿ ಕನೆಕ್ಟರ್ ಎಟಿಎಕ್ಸ್‌ನಂತೆ ಕಂಡರೂ ತಂತಿಗಳ ಕ್ರಮ ಬೇರೆಯಾಗಿರುತ್ತದೆ.

ಬಯಾಸ್ ಮತ್ತು ಯುಇಎಫ್ಐ

ಗಣಕಯಂತ್ರ ಚಾಲೂ ಆದಾಗ ಬಯಾಸ್ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಸ್ವಂತ ಬಯಾಸನ್ನು ಓದಿ ಪರದೆಯನ್ನು ಸಿದ್ಧಪಡಿಸುತ್ತದೆ. ಐಬಿಎಂ ಪಿಸಿ ಮತ್ತು ಎಕ್ಸ್‌ಟಿ ಯಂತ್ರಗಳಲ್ಲಿ ಯಾವ ವಿಧದ ಕಾರ್ಡಿದೆ ಎಂಬುದನ್ನು ಮದರ್‌ಬೋರ್ಡಿನ ಸಣ್ಣ ಸ್ವಿಚ್‌ಗಳ ಮೂಲಕ ತಿಳಿಸಬೇಕಿತ್ತು. ನಂತರದ ಯಂತ್ರಗಳಲ್ಲಿ ಮೊದಲು ಯಾವ ಕಾರ್ಡನ್ನು ಚಾಲೂ ಮಾಡಬೇಕೆಂಬ ಆಯ್ಕೆ ಬಯಾಸ್‌ನಲ್ಲಿದೆ. ಅದು ಮದರ್‌ಬೋರ್ಡಿನ ಅಂತರ್ಗತ ಗ್ರಾಫಿಕ್ಸ್‌ಗೆ ನಿಗದಿಯಾಗಿದ್ದರೆ ಹೊಸ ಕಾರ್ಡಿಗೆ ಜೋಡಿಸಿದ ಮಾನಿಟರ್ ಖಾಲಿಯಾಗಿಯೇ ಇರುತ್ತದೆ.

ಯುಇಎಫ್ಐ ಬಂದ ನಂತರದ ಕಾರ್ಡುಗಳಲ್ಲಿ ಚಿತ್ರ ಮೂಡಿಸುವ ತಂತ್ರಾಂಶ ಬೇರೆ ರೂಪದ್ದಾಗಿದೆ. ಕಾರ್ಡಿನಲ್ಲಿ ಹಳೆಯ ರೂಪವೂ ಇಲ್ಲದಿದ್ದರೆ ಹಳೆಯ ಬಯಾಸ್ ಅದನ್ನು ಗುರುತಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಯುಇಎಫ್ಐ ರೂಪವಿಲ್ಲದ ಹಳೆಯ ಕಾರ್ಡನ್ನು ಸೆಕ್ಯೂರ್ ಬೂಟ್ ಚಾಲೂ ಇರುವ ಹೊಸ ಯಂತ್ರಕ್ಕೆ ಹಾಕಿದರೂ ಪರದೆ ಬಾರದಿರಬಹುದು.

ಎಜಿಪಿ ಸ್ಲಾಟಿನ ಪಕ್ಕದ ಪಿಸಿಐ ಸ್ಲಾಟು ಹಲವು ಬೋರ್ಡುಗಳಲ್ಲಿ ಅದರೊಂದಿಗೆ ಒಂದೇ ಇಂಟರಪ್ಟನ್ನು ಹಂಚಿಕೊಳ್ಳುತ್ತದೆ. ಅಲ್ಲಿರುವ ಸೌಂಡ್ ಅಥವಾ ನೆಟ್‌ವರ್ಕ್ ಕಾರ್ಡನ್ನು ಬೇರೆ ಸ್ಲಾಟಿಗೆ ಸರಿಸಿದಾಗ ಯಂತ್ರ ಸ್ಥಗಿತಗೊಳ್ಳುವ ತೊಂದರೆ ನಿವಾರಣೆಯಾಗುವುದುಂಟು.

ಚಾಲಕ ತಂತ್ರಾಂಶ

ಯಂತ್ರಾಂಶದ ಮಟ್ಟದಲ್ಲಿ ಎಲ್ಲವೂ ಹೊಂದಿದರೂ ಕಾರ್ಯಾಚರಣಾ ವ್ಯವಸ್ಥೆಗೆ ತಕ್ಕ ಚಾಲಕ ತಂತ್ರಾಂಶ, ಅಂದರೆ ಡ್ರೈವರ್ ಇಲ್ಲದಿದ್ದರೆ ಕಾರ್ಡು ಕಡಿಮೆ ಬಣ್ಣ ಮತ್ತು ಕಡಿಮೆ ರೆಸಲ್ಯೂಷನ್‌ನಲ್ಲಿ ಮಾತ್ರ ನಡೆಯುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್ 98ಕ್ಕೆ ನೀಡುತ್ತಿದ್ದ ಬೆಂಬಲ 2006ರ ಜುಲೈ 11ರಂದು, ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಕೊನೆಗೊಂಡಿತು. ಕಾರ್ಡ್ ತಯಾರಕರೂ ಹಂತಹಂತವಾಗಿ ಹಳೆಯ ವ್ಯವಸ್ಥೆಗಳನ್ನು ಕೈಬಿಟ್ಟರು. ಎನ್‌ವಿಡಿಯಾ 390ನೇ ಸರಣಿಯ ನಂತರ 32 ಬಿಟ್ ಕಾರ್ಯಾಚರಣಾ ವ್ಯವಸ್ಥೆಗಳಿಗೆ ಹೊಸ ಚಾಲಕಗಳನ್ನು ಹೊರತರುವುದನ್ನು 2018ರಲ್ಲಿ ನಿಲ್ಲಿಸಿತು.

ಹೊಸ ಕಾರ್ಡನ್ನು ಹಾಕುವ ಮೊದಲು ಹಳೆಯ ಕಾರ್ಡಿನ ಚಾಲಕವನ್ನು ತೆಗೆದುಹಾಕುವುದು ರೂಢಿ. ವಿಂಡೋಸ್ 98ರಲ್ಲಿ 512 ಮೆಗಾಬೈಟ್‌ಗಿಂತ ಹೆಚ್ಚು ರ್‍ಯಾಮ್ ಇದ್ದಾಗ ಉಂಟಾಗುವ ತೊಂದರೆಯು ಗ್ರಾಫಿಕ್ಸ್ ಕಾರ್ಡಿನ ದೋಷದಂತೆ ಕಾಣಿಸಬಹುದು. ಲಿನಕ್ಸ್‌ನಲ್ಲಿ ಹಲವು ಹಳೆಯ ಕಾರ್ಡುಗಳಿಗೆ ಮುಕ್ತ ಆಕರದ ಚಾಲಕಗಳು ಲಭ್ಯ. ಎನ್‌ವಿಡಿಯಾ ಕಾರ್ಡುಗಳಿಗಿರುವ ನೂವೋ ಇದಕ್ಕೆ ಉದಾಹರಣೆ.

ಮಾನಿಟರ್ ಹೊಂದಾಣಿಕೆ

ಎಂಡಿಎ, ಸಿಜಿಎ ಮತ್ತು ಇಜಿಎ ಕಾರ್ಡುಗಳು 9 ಪಿನ್ ಕನೆಕ್ಟರ್ ಮೂಲಕ ಡಿಜಿಟಲ್ ಸಂಕೇತವನ್ನು ಕಳಿಸುತ್ತವೆ. 1987ರಲ್ಲಿ ಬಂದ ವಿಜಿಎ 15 ಪಿನ್‌ಗಳ ಅನಲಾಗ್ ಸಂಕೇತವನ್ನು ಬಳಸುತ್ತದೆ. ಅಡ್ಡಸಾಲುಗಳ ಆವರ್ತನ ಸಿಜಿಎಯಲ್ಲಿ ಸುಮಾರು 15.7 ಕಿಲೋಹರ್ಟ್ಸ್, ಎಂಡಿಎಯಲ್ಲಿ 18.4, ವಿಜಿಎಯಲ್ಲಿ 31.5. ಆದುದರಿಂದ ಕನೆಕ್ಟರ್ ಪರಿವರ್ತಕ ಮಾತ್ರದಿಂದ ಇವು ಹೊಂದುವುದಿಲ್ಲ. ತಪ್ಪು ಆವರ್ತನದ ಸಂಕೇತದಿಂದ ಕೆಲವು ಹಳೆಯ ಏಕವರ್ಣ ಮಾನಿಟರ್‌ಗಳು ಹಾಳಾಗುತ್ತವೆ. ಸಿಆರ್‌ಟಿ ಮಾನಿಟರ್‌ನ ಒಳಗೆ ವಿದ್ಯುತ್ ಸಂಪರ್ಕ ಕಡಿದ ಮೇಲೂ ಅಧಿಕ ವೋಲ್ಟೇಜ್ ಉಳಿದಿರುವುದರಿಂದ ಅದನ್ನು ಪರಿಣತರಲ್ಲದವರು ಬಿಚ್ಚಬಾರದು.

ಹೊಸ ಕಾರ್ಡುಗಳಲ್ಲಿ ಅನಲಾಗ್ ಸಂಕೇತವೇ ಇರುವುದಿಲ್ಲ. ಡಿವಿಐ-ಐ ಕನೆಕ್ಟರಿನಿಂದ ಸರಳ ಪರಿವರ್ತಕದ ಮೂಲಕ ವಿಜಿಎ ಪಡೆಯಬಹುದು. ಡಿವಿಐ-ಡಿ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್‌ಗಳಿಗೆ ಸಂಕೇತವನ್ನು ಬದಲಿಸುವ ಸಕ್ರಿಯ ಪರಿವರ್ತಕ ಬೇಕು.

ಕನ್ನಡ ಲಿಪಿ ಪ್ರದರ್ಶನ

ಡಾಸ್ ಕಾಲದ ಗಣಕಯಂತ್ರಗಳಲ್ಲಿ ಕನ್ನಡ ಅಕ್ಷರಗಳು ಮೂಡುವುದು ಕೆಲವೊಮ್ಮೆ ಪ್ರತ್ಯೇಕ ಕಾರ್ಡನ್ನೇ ಅವಲಂಬಿಸಿತ್ತು. ಐಐಟಿ ಕಾನ್ಪುರದ ಸಂಶೋಧನೆಯಿಂದ ಮೂಡಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಬಳಕೆಗೆ ಬಂದ ಜಿಸ್ಟ್ ಕಾರ್ಡ್, ಡಾಸ್‌ನ ಪಠ್ಯಾಧಾರಿತ ತಂತ್ರಾಂಶಗಳಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಬೆರಳಚ್ಚಿಸಿ ನೋಡುವ ಅನುಕೂಲ ಕಲ್ಪಿಸಿತು. ಇಂತಹ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಬದಲಿಸುವಾಗ ಜಿಸ್ಟ್ ಕಾರ್ಡಿನೊಂದಿಗೂ ಅದು ಹೊಂದಬೇಕು. ಇಂಟೆಲ್ 810 ಚಿಪ್‌ಸೆಟ್ಟಿನ ಕಾಲದಿಂದ ಐಎಸ್ಎ ಸ್ಲಾಟುಗಳು ಮರೆಯಾಗತೊಡಗಿದುದರಿಂದ ಆ ಕಾರ್ಡನ್ನು ಹೊಸ ಬೋರ್ಡಿಗೆ ವರ್ಗಾಯಿಸುವುದು ಸಾಧ್ಯವಾಗದು. ಹೀಗಾಗಿ ಅಲ್ಲಿರುವ ಕಡತಗಳ ಪ್ರತಿಯನ್ನು ಮೊದಲು ತೆಗೆದಿಡುವುದು ಕ್ಷೇಮ. ಇಸ್ಕಿ ಸಂಕೇತದ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಬಹುದು. ಯುನಿಕೋಡ್‌ನ ಕನ್ನಡ ವಿಭಾಗವನ್ನು ಇಸ್ಕಿಯ 1988ರ ಆವೃತ್ತಿಯ ಆಧಾರದಲ್ಲೇ ಜೋಡಿಸಲಾಗಿದೆ.

ಕನ್ನಡ ಪಠ್ಯ ಕೆಟ್ಟು ಕಾಣುವುದೆಲ್ಲ ಗ್ರಾಫಿಕ್ಸ್ ಕಾರ್ಡಿನ ದೋಷವಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವಿಲ್ಲವೆಂದು ಅರ್ಥ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇದ್ದರೂ ಈ ಬೆಂಬಲವನ್ನು ಪ್ರತ್ಯೇಕವಾಗಿ ಸಕ್ರಿಯಗೊಳಿಸಬೇಕಾಗಿತ್ತು. ಕಾರ್ಡಿನ ದೋಷವಾದರೆ ಕನ್ನಡ ಮಾತ್ರವಲ್ಲದೆ ಇಡೀ ಪರದೆಯಲ್ಲಿ ಗೆರೆ, ಚುಕ್ಕೆ ಅಥವಾ ತಪ್ಪು ಬಣ್ಣಗಳು ಕಾಣುತ್ತವೆ.

ದೋಷ ಪತ್ತೆಯ ಕ್ರಮ

ಹೊಸ ಕಾರ್ಡು ಕೆಲಸ ಮಾಡದಿದ್ದಾಗ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ಹೋದರೆ ಕಾರಣ ಬೇಗ ತಿಳಿಯುತ್ತದೆ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

1. ಹಾರ್ಡ್ ಡಿಸ್ಕಿನ ಪ್ರತಿ ತೆಗೆದಿಟ್ಟು, ಬಯಾಸ್ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವುದು.
2. ವಿದ್ಯುತ್ ಕೇಬಲನ್ನು ಸಾಕೆಟ್ಟಿನಿಂದ ತೆಗೆದು, ಮೈಯ ಸ್ಥಾಯಿ ವಿದ್ಯುತ್ತನ್ನು ಪೆಟ್ಟಿಗೆಯ ಲೋಹ ಮುಟ್ಟಿ ಹೊರಹಾಕುವುದು.
3. ಹಳೆಯ ಕಾರ್ಡನ್ನು ಮರಳಿ ಹಾಕಿ ಯಂತ್ರ ಚಾಲೂ ಆಗುತ್ತದೆಯೇ ನೋಡುವುದು. ಆಗದಿದ್ದರೆ ದೋಷ ಹೊಸ ಕಾರ್ಡಿನದಲ್ಲ.
4. ಹೊಸ ಕಾರ್ಡಿನ ಸ್ಲಾಟ್, ವೋಲ್ಟೇಜ್ ಮತ್ತು ವಿದ್ಯುತ್ ಕೇಬಲನ್ನು ಪರಿಶೀಲಿಸಿ, ಸಂಪರ್ಕ ಅಂಚನ್ನು ಒರೆಸಿ, ಪೂರ್ತಿ ಕುಳಿತಿದೆಯೇ ನೋಡುವುದು.
5. ಪ್ರೊಸೆಸರ್, ಒಂದು ರ್‍ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಉಳಿದೆಲ್ಲವನ್ನೂ ತೆಗೆದು ಚಾಲೂ ಮಾಡುವುದು.
6. ಪರದೆ ಬಂದ ಮೇಲೆ ಬಯಾಸ್ ಆಯ್ಕೆ, ನಂತರ ಚಾಲಕ ತಂತ್ರಾಂಶವನ್ನು ಸರಿಪಡಿಸುವುದು.

ಸಾಮಾನ್ಯ ಲಕ್ಷಣಗಳು ಮತ್ತು ಕಾರಣಗಳು

ಒಂದು ದೀರ್ಘ, ಎರಡು ಹ್ರಸ್ವ ಬೀಪ್: ಅವಾರ್ಡ್ ಬಯಾಸ್‌ನಲ್ಲಿ ಗ್ರಾಫಿಕ್ಸ್ ದೋಷ. ಎಎಂಐ ಬಯಾಸ್‌ನಲ್ಲಿ 8 ಬೀಪ್‌ಗಳು ಕಾರ್ಡಿನ ಮೆಮೊರಿ ದೋಷವನ್ನು ಸೂಚಿಸುತ್ತವೆ.

ಬೀಪ್ ಇಲ್ಲ, ಪರದೆಯೂ ಇಲ್ಲ: ವಿದ್ಯುತ್ ಕೊರತೆ, ತಪ್ಪು ಜೋಡಣೆ ಅಥವಾ ಬೋರ್ಡಿನ ಹಾನಿ.

ಯಂತ್ರ ಚಾಲೂ ಆದ ಸದ್ದು ಬಂದರೂ ಪರದೆ ಖಾಲಿ: ಮಾನಿಟರ್ ಸಂಕೇತ ಹೊಂದದಿರುವುದು, ಅಥವಾ ಬಯಾಸ್‌ನಲ್ಲಿ ಅಂತರ್ಗತ ಗ್ರಾಫಿಕ್ಸ್ ಆಯ್ಕೆಯಾಗಿರುವುದು.

ಆಟ ಆರಂಭಿಸಿದಾಗ ಮಾತ್ರ ಯಂತ್ರ ನಿಲ್ಲುವುದು: ವಿದ್ಯುತ್ ಸಾಲದಿರುವುದು, ಬಿಸಿಯಾಗುವುದು ಅಥವಾ ಚಾಲಕದ ದೋಷ.

ಕೆಲವು ನಿಮಿಷಗಳ ನಂತರ ಗೆರೆಗಳು ಕಾಣುವುದು: ನಿಂತ ಫ್ಯಾನ್, ಒಣಗಿದ ಶಾಖವಾಹಕ ಪೇಸ್ಟ್ ಅಥವಾ ಮೆಮೊರಿ ಚಿಪ್ ದೋಷ.

2000ದ ದಶಕದ ಆರಂಭದ ಹಲವು ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ ಸೋರುವ ದೋಷ ವ್ಯಾಪಕವಾಗಿತ್ತು. ಅದಕ್ಕೂ ಹಿಂದಿನ ಬೋರ್ಡುಗಳಲ್ಲಿ ಗಡಿಯಾರದ ಬ್ಯಾಟರಿ ಸೋರಿ ತಾಮ್ರದ ದಾರಿಗಳನ್ನು ತಿನ್ನುವುದುಂಟು. ಕಾರ್ಡನ್ನು ದೂರುವ ಮೊದಲು ಇವೆರಡನ್ನೂ ಕಣ್ಣಿಂದ ಪರೀಕ್ಷಿಸುವುದು ಉಪಯುಕ್ತ.

ಬಿಡಿಭಾಗಗಳ ಖರೀದಿ ಮತ್ತು ವಿಲೇವಾರಿ

ಬಳಸಿದ ಕಾರ್ಡನ್ನು ಕೊಳ್ಳುವಾಗ ಅದೇ ವಿಧದ ಸ್ಲಾಟ್ ಇರುವ ಯಂತ್ರದಲ್ಲಿ ಅಂಗಡಿಯಲ್ಲೇ ನಡೆಸಿ ನೋಡುವುದು ಒಳ್ಳೆಯದು. ಮದರ್‌ಬೋರ್ಡಿನ ಮಾದರಿ ಸಂಖ್ಯೆ, ಸ್ಲಾಟಿನ ಚಿತ್ರ ಮತ್ತು ವಿದ್ಯುತ್ ಘಟಕದ ಮೇಲಿನ ಚೀಟಿಯ ಚಿತ್ರವನ್ನು ಜೊತೆಗೆ ಒಯ್ದರೆ ತಪ್ಪು ಖರೀದಿಯನ್ನು ತಪ್ಪಿಸಬಹುದು.

ಕೆಟ್ಟ ಕಾರ್ಡು, ಬೋರ್ಡು ಮತ್ತು ಮಾನಿಟರ್‌ಗಳು ಇ-ತ್ಯಾಜ್ಯಕ್ಕೆ ಸೇರುತ್ತವೆ. ಬೆಸುಗೆಯಲ್ಲಿ ಮತ್ತು ಸಿಆರ್‌ಟಿ ಗಾಜಿನಲ್ಲಿ ಸೀಸವಿರುವುದರಿಂದ ಇವನ್ನು ಸಾಮಾನ್ಯ ಕಸದೊಂದಿಗೆ ಎಸೆಯುವುದು ಅಥವಾ ಸುಡುವುದು ಅಪಾಯಕಾರಿ. ಭಾರತದಲ್ಲಿ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಸಂಸ್ಥೆಯು ದೇಶದಲ್ಲಿ ಇ-ತ್ಯಾಜ್ಯದ ಮರುಬಳಕೆಗೆ ಮೊದಲು ಮಾನ್ಯತೆ ಪಡೆದ ಘಟಕವೆಂದು ಪರಿಚಿತ. ಹೊಂದಾಣಿಕೆಯನ್ನು ಮೊದಲೇ ಪರಿಶೀಲಿಸಿ ಬಳಸಿದರೆ ಹಳೆಯ ಯಂತ್ರದ ಆಯುಷ್ಯ ಹೆಚ್ಚುವುದರ ಜೊತೆಗೆ ಇಂತಹ ತ್ಯಾಜ್ಯದ ಪ್ರಮಾಣವೂ ತಗ್ಗುತ್ತದೆ.